ಹಳದಿ ರೇಷ್ಮೆಯ ಬಡತನ

ಹೋದ ವರ್ಷ ಅಣ್ಣ ತನ್ನ ಬೆಂಗಳೂರಿನ ಫ್ಲ್ಯಾಟಿನ ಮಲಗುವ ಕೋಣೆಯನ್ನು ‘ರಾಯಲ್’ ಮಾಡಿಸಿದ. ಮಂಚದ ತಲೆದೆಸೆಗೆ ಗುಂಡಿ ಗುಂಡಿ ಇಟ್ಟು ಹೊಲಿದ ನೇರಳೆ ವೆಲ್ವೆಟ್, ಸೂರಿನ ನಾಲ್ಕೂ ಅಂಚಿಗೆ ಪಿಒಪಿಯ ಹೂಬಳ್ಳಿ, ಬಳ್ಳಿಗೆ ಚಿನ್ನದ ಬಣ್ಣ, ಬಾಗಿದ ಕಾಲುಗಳ ಡ್ರೆಸಿಂಗ್ ಟೇಬಲ್, ನಡುವೆ ಗೊಂಚಲು ದೀಪ. ದೀಪಕ್ಕೆ ಜಾಗ ಬೇಕಾಗಿ ಫ್ಯಾನನ್ನು ತೆಗೆಸಿದ್ದ. ‘ಹೇಗಿದೆ?’ ಎಂದ. ‘ಚೆನ್ನಾಗಿದೆ’ ಎಂದೆ. ಆ ‘ಚೆನ್ನಾಗಿದೆ’ಯ ಒಳಗೆ ಏನಿತ್ತೆಂದು ಅವನಿಗೆ ಗೊತ್ತಾಯಿತು. ಒಂದೇ ಮನೆಯಲ್ಲಿ ಬೆಳೆದವರಿಗೆ ಇಂಥವು ತಿಳಿಯದೆ ಹೋಗುವುದಿಲ್ಲ.

ಆರು ತಿಂಗಳ ಮೇಲೆ ನಮ್ಮ ಮನೆಗೆ ಬಂದ. ನನ್ನ ಕೋಣೆಯಲ್ಲಿ ಬಿಳಿ ಸುಣ್ಣದ ಗೋಡೆ, ಕೈಮಗ್ಗದ ಹೊದಿಕೆ, ಮಂಚದ ಪಕ್ಕ ಟೇಬಲ್ಲಿನ ಬದಲು ಹಳೆಯದೊಂದು ಕಬ್ಬಿಣದ ಟ್ರಂಕು, ಟ್ರಂಕಿನ ಮೇಲೆ ಪುಸ್ತಕ. ಬಣ್ಣ ಅಲ್ಲಲ್ಲಿ ಎದ್ದಿದೆ, ಮುಚ್ಚಳದ ಮೇಲೆ ಯಾರದೋ ಇನಿಷಿಯಲ್ಲು. ‘ಇದಕ್ಕೆ ಎಷ್ಟು ಕೊಟ್ಟೆ?’ ಎಂದು ಕೇಳಿದ. ಹೇಳಿದೆ. ನಕ್ಕ. ‘ಅಪ್ಪನ ಟ್ರಂಕನ್ನ ಗುಜರಿಯವನಿಗೆ ಹಾಕಿದ್ದು ನೀನೇ ಅಲ್ವೇನೇ?’

ಹೌದು, ನಾನೇ. ಮನೆ ಖಾಲಿ ಮಾಡುವಾಗ ಅದು ಅಡ್ಡವಾಗಿತ್ತು.

ಆ ನಗು ಹೋದ ಮೇಲೆ ನಾನು ಕಪಾಟಿನಿಂದ ತೆಗೆದದ್ದು ಕಾಲೇಜಿನ ದಿನಗಳಲ್ಲಿ ಓದಿದ್ದ ಒಂದು ಫ್ರೆಂಚ್ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು. ಯೋರಿಸ್-ಕಾರ್ಲ್ ಯುಯಿಸ್ಮಾನ್ಸ್ 1884ರಲ್ಲಿ ಪ್ರಕಟಿಸಿದ ‘ಆ ರೆಬೂರ್’. ಹೆಸರನ್ನು ಕನ್ನಡಕ್ಕೆ ತರುವುದು ಕಷ್ಟ. ಬೆಕ್ಕಿನ ಮೈಯನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಹೇಗಿರುತ್ತದೋ ಆ ಅರ್ಥ. ಕಥೆ ಎಂದು ಹೇಳುವಂಥದ್ದು ಹೆಚ್ಚೇನೂ ಇಲ್ಲ. ಹಳೆಯ ಶ್ರೀಮಂತ ವಂಶವೊಂದರ ಕೊನೆಯ ಕುಡಿ, ನರದೌರ್ಬಲ್ಯದ ದೆಜೆಸ್ಸೆಂತ್ ಎಂಬ ಡ್ಯೂಕ್, ಪ್ಯಾರಿಸ್ ಸಾಕಾಗಿ ಊರ ಹೊರಗಿನ ಫೋಂತೆನೆ-ಓ-ರೋಜ್ ಎಂಬಲ್ಲಿ ಮನೆ ಕೊಂಡು, ಅದನ್ನು ತನ್ನ ರುಚಿಗೆ ತಕ್ಕಂತೆ ಸಿಂಗರಿಸಿಕೊಂಡು, ಒಬ್ಬನೇ ಇರುತ್ತಾನೆ. ಕೊನೆಗೆ ಕಾಯಿಲೆ ಬಿದ್ದು ವೈದ್ಯರ ಮಾತಿಗೆ ಪ್ಯಾರಿಸಿಗೆ ಹಿಂದಿರುಗಬೇಕಾಗುತ್ತದೆ. ಅಷ್ಟೇ. ನಡುವೆ ಇರುವುದೆಲ್ಲ ಕೋಣೆಗಳು, ಬಣ್ಣಗಳು, ಪುಸ್ತಕಗಳು, ವಾಸನೆಗಳು. ಲ್ಯಾಟಿನ್ ಸಾಹಿತ್ಯದ ಮೇಲೆ ಒಂದು ಇಡೀ ಅಧ್ಯಾಯವಿದೆ. ಮೊದಲ ಸಲ ಓದುವ ವಿದ್ಯಾರ್ಥಿಗಳು ಅದನ್ನು ದಾಟಿ ಮುಂದೆ ಹೋದರೆ ನನ್ನ ತಕರಾರಿಲ್ಲ, ನಾನೂ ಹಾಗೆಯೇ ಮಾಡಿದ್ದೆ.

ಈ ಪುಸ್ತಕದ ಬಗ್ಗೆ ಮಾತಾಡುವವರೆಲ್ಲ ಮೊದಲು ನೆನೆಯುವುದು ಆಮೆಯನ್ನು. ರತ್ನಗಂಬಳಿಯ ಬಣ್ಣಗಳ ಅಬ್ಬರ ತಗ್ಗಲಿ ಎಂದು ದೆಜೆಸ್ಸೆಂತ್ ಒಂದು ಆಮೆಯ ಚಿಪ್ಪಿಗೆ ಚಿನ್ನದ ಲೇಪ ಹಾಕಿಸಿ, ಮೇಲೆ ಹರಳು ಕೂರಿಸುತ್ತಾನೆ. ಆಮೆ ಸತ್ತುಹೋಗುತ್ತದೆ. ಹಡಗಿನ ಕ್ಯಾಬಿನ್ನಿನ ಹಾಗೆ ಕಟ್ಟಿಸಿದ ಊಟದ ಕೋಣೆಯೂ ಪ್ರಸಿದ್ಧ. ಅದರ ಕಿಟಕಿಗೂ ಮನೆಯ ನಿಜವಾದ ಕಿಟಕಿಗೂ ನಡುವೆ ನೀರಿನ ತೊಟ್ಟಿ, ಬೆಳಕು ನೀರನ್ನು ದಾಟಿಕೊಂಡೇ ಒಳಗೆ ಬರಬೇಕು. ಇವೆಲ್ಲ ಕಣ್ಣಿಗೆ ಹೊಡೆಯುವ ಚಿತ್ರಗಳು. ಪುಸ್ತಕವನ್ನು ‘ಸೌಂದರ್ಯೋಪಾಸನೆಯ ಬೈಬಲ್’ ಎಂದು ಕರೆಯುವ ಅಭ್ಯಾಸ ಹುಟ್ಟಿದ್ದು ಇಂಥವುಗಳಿಂದಲೇ. ಆಸ್ಕರ್ ವೈಲ್ಡ್‌ನ ಡೋರಿಯನ್ ಗ್ರೇ ಓದಿ ಕೆಡುವ ಆ ಹಳದಿ ಪುಸ್ತಕದ ಹಿಂದೆ ಇರುವುದೂ ಇದೇ ಕಾದಂಬರಿ ಎಂಬುದನ್ನು ವೈಲ್ಡ್ 1895ರ ಮೊಕದ್ದಮೆಯಲ್ಲಿ ಒಪ್ಪಿಕೊಂಡಿದ್ದ.

ನನ್ನ ಮಟ್ಟಿಗೆ ಕಾದಂಬರಿಯ ಹೃದಯ ಇರುವುದು ಆಮೆಯಲ್ಲಲ್ಲ, ಐದನೆಯ ಅಧ್ಯಾಯದ ಕೊನೆಗೆ ಬರುವ ಮಲಗುವ ಕೋಣೆಯಲ್ಲಿ. ಎರಡೋ ಮೂರೋ ಪುಟದ ವರ್ಣನೆ. ಅದೇ ಅಧ್ಯಾಯದಲ್ಲಿ ಬರುವ ಮೊರೋನ ಸಲೋಮೆ ಚಿತ್ರಗಳ ಮೇಲೆ ರಾಶಿಗಟ್ಟಲೆ ಬರೆದಿದ್ದಾರೆ. ಮುಂದಿನ ಈ ಪುಟಗಳ ಬಳಿ ಅಷ್ಟು ಹೊತ್ತು ನಿಂತವರು ಕಡಿಮೆ.

ಮಲಗುವ ಕೋಣೆಯನ್ನು ಅಣಿಗೊಳಿಸಲು ಇರುವುದು ಎರಡೇ ದಾರಿ ಎನ್ನುತ್ತಾನೆ ದೆಜೆಸ್ಸೆಂತ್. ಒಂದು ಭೋಗದ ಕೋಣೆ, ಇನ್ನೊಂದು ಏಕಾಂತದ ಕೋಣೆ. ಭೋಗಕ್ಕಾದರೆ ಹದಿನೈದನೆಯ ಲೂಯಿಯ ಶೈಲಿಯೇ ಆಗಬೇಕು. ಹದಿನೆಂಟನೆಯ ಶತಮಾನವೊಂದೇ ಮರವನ್ನೂ ತಾಮ್ರವನ್ನೂ ಹೆಣ್ಣಿನ ಮೈಯ ತಿರುವುಗಳಂತೆ ಬಾಗಿಸಬಲ್ಲದ್ದಾಗಿತ್ತು ಎಂಬುದು ಅವನ ವಾದ. ಅಂಥದ್ದೊಂದು ಕೋಣೆ ಪ್ಯಾರಿಸಿನಲ್ಲಿ ಅವನಿಗೆ ಇತ್ತು, ಬಿಳಿ ಅರಗಿನ ದೊಡ್ಡ ಮಂಚದ ಸಮೇತ. ಈಗ ಹಳೆಯದರಿಂದ ಕಳಚಿಕೊಳ್ಳಬೇಕು. ಆದ್ದರಿಂದ ಎರಡನೆಯ ದಾರಿ. ಕೋಣೆ ಸನ್ಯಾಸಿಯ ಕೋಣೆಯ ಹಾಗಿರಬೇಕು.

ಆದರೆ ಸನ್ಯಾಸಿಯ ಕೋಣೆ ಚೆನ್ನಾಗಿರುವುದಿಲ್ಲವಲ್ಲ! ಗೋಡೆ ಒರಟು, ನೆಲ ತಣ್ಣಗೆ, ಮಂಚ ಗಟ್ಟಿ. ಅದನ್ನು ಅವನು ಒಪ್ಪಲಾರ. ಅವನು ಕಂಡುಕೊಳ್ಳುವ ಉಪಾಯ ಹೀಗಿದೆ: ನಾಟಕದವರು ಅಗ್ಗದ ಚಿಂದಿಯನ್ನು ದೀಪದ ಬೆಳಕಿನಲ್ಲಿ ರಾಜನ ಪೀತಾಂಬರವಾಗಿ ತೋರಿಸುತ್ತಾರೆ. ಅವನು ಅದನ್ನೇ ಮಗುಚಿಹಾಕುತ್ತಾನೆ. ಅತಿ ಬೆಲೆಯ ಬಟ್ಟೆಗಳಿಂದ ಚಿಂದಿಯ ಭ್ರಮೆ ಹುಟ್ಟಿಸುತ್ತಾನೆ. ಗೋಡೆಗೆ ಬಳಿದ ಅಗ್ಗದ ಕಾವಿ-ಹಳದಿ ಬಣ್ಣದ ಬದಲು ಕೇಸರಿ ಹಳದಿಯ ರೇಷ್ಮೆ ಹೊದಿಸುತ್ತಾನೆ. ಗೋಡೆಯ ಬುಡದಲ್ಲಿ ಬಳಿಯುವ ಕಂದು ಪಟ್ಟಿಯ ಬದಲು ಗಾಢ ನೇರಳೆ ಬಣ್ಣದ ವಿದೇಶಿ ಮರದ ಹಲಗೆ. ಸೂರಿಗೆ ಗಾರೆಯಂತೆ ಕಾಣುವ ಮಾಸಲು ಬಿಳಿಯ ಬಟ್ಟೆ. ನೆಲಕ್ಕೆ ಕೆಂಪು ಹೆಂಚುಗಳ ವಿನ್ಯಾಸದ ಜಮಖಾನ. ಆ ಜಮಖಾನದ ಉಣ್ಣೆಯಲ್ಲಿ ಅಲ್ಲಲ್ಲಿ ಬಿಳಿಚಿದ ತೇಪೆಗಳನ್ನು ನೇಯಿಸುತ್ತಾನೆ, ಸನ್ಯಾಸಿಗಳ ಚಪ್ಪಲಿ ಬೂಟುಗಳು ಉಜ್ಜಿ ಉಜ್ಜಿ ಹೆಂಚು ಸವೆದ ಹಾಗೆ. ಮಂಚ ಕಬ್ಬಿಣದ್ದು, ಸಣ್ಣದು, ಆದರೆ ಹಳೆಯ ಬಂಗಲೆಯೊಂದರ ಭವ್ಯ ಮೆಟ್ಟಿಲುಸಾಲಿನ ಕಂಬಿಗಳಿಂದ ಮಾಡಿದ್ದು, ಅರಳಿದ ಟ್ಯೂಲಿಪ್, ದ್ರಾಕ್ಷಿಬಳ್ಳಿ ಎಲ್ಲ ಸುತ್ತಿಕೊಂಡದ್ದು. ಎದುರಿಗೆ ಚರ್ಚಿನಿಂದ ಬಂದ ಕೆತ್ತನೆಯ ಬೆಂಚು. ದೀಪಕ್ಕೆ ಚರ್ಚಿಗೆಂದೇ ಮಾರುವ ಅಂಗಡಿಯ ಅಪ್ಪಟ ಜೇನುಮೇಣದ ಬತ್ತಿ. ಮಂಚದ ಪಕ್ಕದ ಟೇಬಲ್ಲಿಗೆ ಬದಲಾಗಿ ಮಂಡಿಯೂರಿ ಪ್ರಾರ್ಥಿಸುವ ಹಳೆಯ ಪೀಠ, ಮೇಲೆ ಪ್ರಾರ್ಥನೆಯ ಪುಸ್ತಕ, ಒಳಗೆ ರಾತ್ರಿಯ ಪಾತ್ರೆ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ನನ್ನ ಟ್ರಂಕಿನ ಕಡೆ ನೋಡಿದೆ.

ಅಣ್ಣನ ಕೋಣೆಯನ್ನು ನಗೆಯಾಡುವುದು ಸುಲಭ. ಆ ಗುಂಡಿ ಹೊಲಿದ ವೆಲ್ವೆಟ್ ಮೂರನೆಯ ನೆಪೋಲಿಯನ್ನನ ಕಾಲದ್ದು, ಬಾಗಿದ ಕಾಲು ಹದಿನೈದನೆಯ ಲೂಯಿಯದ್ದು, ಕನ್ನಡಿಯ ನೆಟ್ಟಗಿನ ಚೌಕಟ್ಟು ಹದಿನಾರನೆಯ ಲೂಯಿಯದ್ದು. ನೂರು ವರ್ಷಕ್ಕೂ ಮಿಕ್ಕ ಫ್ರಾನ್ಸಿನ ಇತಿಹಾಸ ಹನ್ನೆರಡಡಿ ಗೋಡೆಯ ಮೇಲೆ ಜಗಳವಿಲ್ಲದೆ ಕೂತಿದೆ. ಇಷ್ಟು ಹೇಳಿ ನಾನು ಜಾಣೆ ಎನಿಸಿಕೊಳ್ಳಬಹುದು. ಆದರೆ ದೆಜೆಸ್ಸೆಂತ್‌ನಿಗೆ ಅಣ್ಣನ ಕೋಣೆ ಪರಿಚಯದ್ದು, ಅವನು ದಾಟಿಬಂದದ್ದು. ಅವನು ಬಂದು ನಿಂತಿರುವುದು ನನ್ನ ಕೋಣೆಯಲ್ಲಿ. ಇವತ್ತು ಬೆಂಗಳೂರಿನಲ್ಲಿ ರೆಡ್ ಆಕ್ಸೈಡ್ ನೆಲ ಹಾಕಿಸುವವರು, ಹಳೆಯ ಮನೆ ಕೆಡವಿದ ಕಡೆಯಿಂದ ಬಾಗಿಲು ಕಂಬ ತಂದು ನಿಲ್ಲಿಸುವವರು, ಹೊಸ ಮರವನ್ನು ಉಜ್ಜಿ ಹಳೆಯದು ಮಾಡಿಸುವವರು, ಒರಟು ಗಾರೆಗೆ ನುಣುಪು ಗಾರೆಗಿಂತ ಹೆಚ್ಚು ದುಡ್ಡು ಕೊಡುವವರು ಯಾರೂ ಈ ಕಾದಂಬರಿ ಓದಿರಬೇಕಿಲ್ಲ. ಅವರೆಲ್ಲರ ಕೋಣೆಯನ್ನು ಯುಯಿಸ್ಮಾನ್ಸ್ 1884ರಲ್ಲೇ ಬರೆದಿಟ್ಟಿದ್ದಾನೆ.

*

ಯುಯಿಸ್ಮಾನ್ಸ್‌ಗೆ ಇದು ಹೇಗೆ ಹೊಳೆಯಿತು ಎಂಬ ಪ್ರಶ್ನೆಗೆ ವಿಮರ್ಶಕರ ಬಳಿ ಸಿದ್ಧ ಉತ್ತರವಿದೆ. ಪ್ಯಾರಿಸಿನ ಷೋಕಿಗಾರ ಶ್ರೀಮಂತ ರೋಬೆರ್ ದ ಮೊಂತೆಸ್ಕ್ಯುವಿನ ಮನೆಯನ್ನು ಕವಿ ಮಲಾರ್ಮೆ 1883ರಲ್ಲಿ ನೋಡಿ ಬಂದು ಇವನಿಗೆ ವರ್ಣಿಸಿದ್ದ. ಆ ಮನೆಯಲ್ಲಿ ಹಡಗಿನ ಕ್ಯಾಬಿನ್ನಿನಂಥ ಕೋಣೆಯೂ ಇತ್ತು, ಮಠದ ಕೋಣೆಯೂ ಇತ್ತು, ಚಿನ್ನದ ಆಮೆಯೂ ಇತ್ತು. ಮಾಹಿತಿ ನಿಜ. ಆದರೆ ಯುಯಿಸ್ಮಾನ್ಸ್ ಅದನ್ನು ಕಂಡವನಲ್ಲ, ಕೇಳಿಸಿಕೊಂಡವನು ಅಷ್ಟೇ. ಕೇಳಿದ್ದರ ಮೇಲೆ ಅವನು ಕಟ್ಟಿದ್ದು ಏನನ್ನು, ಯಾವುದರಿಂದ?

ಅವನು ಡ್ಯೂಕ್ ಅಲ್ಲ, ಗುಮಾಸ್ತ. ಹದಿನೆಂಟರ ಹರೆಯದಲ್ಲಿ ಫ್ರಾನ್ಸಿನ ಗೃಹ ಇಲಾಖೆಗೆ ಸೇರಿದವನು ಮೂವತ್ತು ವರ್ಷಕ್ಕೂ ಮೇಲೆ ಅಲ್ಲೇ ದುಡಿದು 1898ರಲ್ಲಿ ನಿವೃತ್ತನಾದ. ಕಾದಂಬರಿಯಲ್ಲಿ ಆ ಗೋಡೆಯ ಅಗ್ಗದ ಹಳದಿಯನ್ನು ವರ್ಣಿಸುವಾಗ ಅದನ್ನು ಮಠಗಳ ಬಣ್ಣ ಎಂದಷ್ಟೇ ಹೇಳುವುದಿಲ್ಲ, ಸರ್ಕಾರಿ ಕಚೇರಿಗಳ ಬಣ್ಣ ಎಂದೂ ಸೇರಿಸುತ್ತಾನೆ. ಒಂದು ಸಣ್ಣ ವಿಶೇಷಣ, ಸುಲಭವಾಗಿ ಕಣ್ತಪ್ಪುವಂಥದ್ದು. ದಿನಾ ಬೆಳಗ್ಗೆ ಅವನು ಯಾವ ಗೋಡೆಗಳ ನಡುವೆ ಕಡತ ಬಿಚ್ಚುತ್ತಿದ್ದನೋ ಆ ಬಣ್ಣ ಅದು. ನಮ್ಮ ತಾಲ್ಲೂಕು ಕಚೇರಿಗಳ ಗೋಡೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಸಂಬಳದ ಗುಮಾಸ್ತನೊಬ್ಬ ತನ್ನ ಕಚೇರಿಯ ಗೋಡೆಯನ್ನು ಒಂದು ಇರುಳು ರೇಷ್ಮೆಯಲ್ಲಿ ಹೊದಿಸಿ ನೋಡುತ್ತಿದ್ದಾನೆ. ಅವನು ಬಾಡಿಗೆಗೆ ಇದ್ದ ಮನೆಯೂ ಹಿಂದೊಮ್ಮೆ ಮಠವಾಗಿದ್ದ ಹಳೆಯ ಕಟ್ಟಡದಲ್ಲಿ. ನಿಜವಾದ ಕೋಣೆ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು, ರೇಷ್ಮೆಯ ಕೋಣೆ ಹೇಗಿದ್ದೀತು ಎಂದು ಊಹಿಸಬೇಕಾಗಿತ್ತು. ಡ್ಯೂಕನಿಗೆ ಬಡತನ ಒಂದು ಕನಸು, ಅವನನ್ನು ಬರೆದವನಿಗೆ ಸಿರಿತನ. ಆ ಎರಡು ಕನಸುಗಳು ಒಂದೇ ಗೋಡೆಯ ಮೇಲೆ ಸಂಧಿಸಿವೆ. ವರ್ಣನೆಗೆ ಇಷ್ಟು ಶಾಖ ಬಂದದ್ದು ಅಲ್ಲಿಂದ ಎಂದು ನನಗನ್ನಿಸುತ್ತದೆ. ಬರೀ ಗೇಲಿಯಾಗಿದ್ದರೆ ಅದು ಇಷ್ಟು ದಿನ ಉಳಿಯುತ್ತಿರಲಿಲ್ಲ.

ಗೇಲಿ ಇಲ್ಲವೆಂದಲ್ಲ. ಪ್ರಾರ್ಥನಾ ಪೀಠದೊಳಗಿನ ಪಾತ್ರೆಯನ್ನು ಹೇಳಿ ಸುಮ್ಮನೆ ಮುಂದೆ ಹೋಗುತ್ತಾನಲ್ಲ, ಅದಕ್ಕಿಂತ ಒಳ್ಳೆಯ ಗೇಲಿ ಬೇಕೆ?

*

ರಾಜರ ಮಾದರಿಯ ಮಲಗುವ ಕೋಣೆ ಎನ್ನುವಾಗ ನಾವು ನಕಲು ಮಾಡುತ್ತಿರುವುದು ಏನನ್ನು ಎಂಬುದನ್ನೂ ಒಮ್ಮೆ ಕೇಳಿಕೊಳ್ಳಬೇಕು. ವರ್ಸೈಲ್ಸ್ ಅರಮನೆಯ ನಟ್ಟನಡುವೆ, ಹುಟ್ಟುವ ಸೂರ್ಯನಿಗೆ ಎದುರಾಗಿ, ಹದಿನಾಲ್ಕನೆಯ ಲೂಯಿ 1701ರಲ್ಲಿ ತನ್ನ ಶಯನಗೃಹವನ್ನು ಮಾಡಿಸಿಕೊಂಡ. ಮಂಚದ ಮುಂದೆ ಚಿನ್ನದ ಕಟಕಟೆ. ಬೆಳಗ್ಗೆ ರಾಜ ಏಳುವುದಕ್ಕೂ ರಾತ್ರಿ ಮಲಗುವುದಕ್ಕೂ ದರಬಾರಿನವರ ಹಾಜರಿ. ಮಲಗುವ ಹೊತ್ತಿಗೆ ರಾಜನ ಪಕ್ಕ ದೀಪದ ಬತ್ತಿ ಹಿಡಿದು ನಿಲ್ಲುವ ಅವಕಾಶಕ್ಕೆ ದೊಡ್ಡ ದೊಡ್ಡವರು ಹಂಬಲಿಸುತ್ತಿದ್ದರು. 1715ರ ಸೆಪ್ಟೆಂಬರ್ 1ರಂದು ಅವನು ಸತ್ತದ್ದೂ ಅದೇ ಕೋಣೆಯಲ್ಲಿ. ಅಂದರೆ ಅದು ಹೆಸರಿಗೆ ಮಲಗುವ ಕೋಣೆ, ಕೆಲಸಕ್ಕೆ ಕಚೇರಿ. ಅವನ ನಂತರ ಬಂದ ಹದಿನೈದನೆಯ ಲೂಯಿ, ಯಾರ ಹೆಸರಿನ ಶೈಲಿಯನ್ನು ಇವತ್ತಿಗೂ ಜಗತ್ತಿನ ಪೀಠೋಪಕರಣದ ಅಂಗಡಿಗಳು ಮಾರುತ್ತಿವೆಯೋ ಅವನು, ಆ ಭವ್ಯ ಕೋಣೆಯ ಚಳಿ ತಾಳಲಾರದೆ 1738ರಲ್ಲಿ ಬೇರೊಂದು ಸಣ್ಣ ಕೋಣೆ ಮಾಡಿಸಿಕೊಂಡ. ಅಲ್ಲಿ ಮಲಗಿ, ಅಲ್ಲೇ ಎದ್ದು, ಆಮೇಲೆ ದೊಡ್ಡ ಕೋಣೆಗೆ ಹೋಗಿ ‘ಏಳುವ’ ಸಮಾರಂಭ ನಡೆಸುತ್ತಿದ್ದ.

ಇದನ್ನು ನಾನು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವೂ ಏಪ್ರಿಲ್‌ನಿಂದ ಹಾಲ್‌ನಲ್ಲೇ ಚಾಪೆ ಹಾಸ್ಕೋತಾ ಇದ್ದೀವಿ ಕಣೇ, ಫ್ಯಾನಿಲ್ಲದೆ ಆಗಲ್ಲ’ ಎಂದ.

ಸಾಹಿತ್ಯದಲ್ಲಿ ಈ ವಿಷಯಕ್ಕೆ ಇನ್ನೊಂದು ಒಳ್ಳೆಯ ಉದಾಹರಣೆ ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. 1925ರ ಈ ಕಾದಂಬರಿಯಲ್ಲಿ ಗ್ಯಾಟ್ಸ್‌ಬಿ ತನ್ನ ಮನೆಯನ್ನು ಡೇಸಿಗೆ ತೋರಿಸುತ್ತಾ ಹೋಗುವ ದೃಶ್ಯವನ್ನು ನೀವು ಓದಿರುತ್ತೀರಿ. ಮಾರಿ ಆಂತ್ವಾನೆತ್ ಮಾದರಿಯ ಸಂಗೀತದ ಕೋಣೆಗಳು, ಗುಲಾಬಿ ಮತ್ತು ನೇರಳೆ ರೇಷ್ಮೆ ಹೊದ್ದ, ಒಂದೊಂದು ಕಾಲದ ಶೈಲಿಯ ಮಲಗುವ ಕೋಣೆಗಳು. ಕೊನೆಗೆ ಅವನದೇ ಕೋಣೆ ಬರುತ್ತದೆ, ಇಡೀ ಮನೆಯಲ್ಲಿ ಅದೇ ಸರಳ. ಮೇಜಿನ ಮೇಲೆ ಮಾತ್ರ ಅಪ್ಪಟ ಚಿನ್ನದ ಸಿಂಗಾರದ ಸಾಮಾನು. ಡೇಸಿ ಆ ಚಿನ್ನದ ಬ್ರಷ್ ಎತ್ತಿಕೊಂಡು ತಲೆ ಬಾಚಿಕೊಳ್ಳುತ್ತಾಳೆ, ಗ್ಯಾಟ್ಸ್‌ಬಿ ಕೂತು ನಗಲು ಶುರುಮಾಡುತ್ತಾನೆ. ದೆಜೆಸ್ಸೆಂತ್ ಸಿರಿಯನ್ನು ಬಡತನದ ವೇಷದಲ್ಲಿ ಅಡಗಿಸಿದರೆ ಗ್ಯಾಟ್ಸ್‌ಬಿಯ ಸರಳ ಕೋಣೆಯಲ್ಲಿ ಯಾವ ಜಾಣತನವೂ ಇಲ್ಲ. ಉಳಿದ ಕೋಣೆಗಳೆಲ್ಲ ಅವಳಿಗಾಗಿ, ಅವನಿಗೆಂದು ಏನು ಬೇಕೆಂದು ಅವನಿಗೇ ಗೊತ್ತಿಲ್ಲ. ಅದೇ ಮನೆಯ ಗ್ರಂಥಾಲಯದಲ್ಲಿ ಕುಡಿದ ಅತಿಥಿಯೊಬ್ಬ ಪುಸ್ತಕಗಳು ನಿಜವಾದವೆಂದು ಕಂಡು ಬೆರಗಾಗುತ್ತಾನೆ. ಆದರೆ ಯಾವುದರ ಹಾಳೆಯನ್ನೂ ಬಿಡಿಸಿಲ್ಲ. ಅಂದಿನ ಪುಸ್ತಕಗಳ ಹಾಳೆಗಳನ್ನು ಓದುವವರೇ ಕತ್ತರಿಸಿಕೊಳ್ಳಬೇಕಿತ್ತು.

ಓದದ ಪುಸ್ತಕದ ಮಾತು ಬಂದದ್ದರಿಂದ ಇನ್ನೊಂದು ಕೋಣೆಯನ್ನು ಇಲ್ಲೇ ನೆನೆದುಬಿಡುತ್ತೇನೆ. ಕ್ಯೂಬ್ರಿಕ್‌ನ 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಕೊನೆಯಲ್ಲಿ ಗಗನಯಾತ್ರಿ ಬಂದು ಸೇರುವುದು ಹದಿನಾರನೆಯ ಲೂಯಿಯ ಕಾಲದ ಪೀಠೋಪಕರಣಗಳಿರುವ ಒಂದು ಮಲಗುವ ಕೋಣೆಯನ್ನು. ಗೋಡೆಯ ಗೂಡುಗಳಲ್ಲಿ ಶಿಲ್ಪಗಳು, ಆದರೆ ನೆಲ ಮಾತ್ರ ಕೆಳಗಿನಿಂದ ಬೆಳಗುವ ಬಿಳಿ ಚೌಕಗಳದ್ದು. ಅಲ್ಲೇ ಅವನು ಉಂಡು, ಮುದಿಯಾಗಿ, ಆ ಮಂಚದ ಮೇಲೆಯೇ ಕೊನೆಗಾಣುತ್ತಾನೆ. ಆರ್ಥರ್ ಕ್ಲಾರ್ಕ್‌ನ ಕಾದಂಬರಿಯಲ್ಲಿ ಇದೇ ಜಾಗ ಒಂದು ಮಾಮೂಲಿ ಹೋಟೆಲ್ ಕೋಣೆ. ಭೂಮಿಯ ಟಿವಿ ಕಾರ್ಯಕ್ರಮಗಳನ್ನು ಹಿಡಿದು ಯಾರೋ ಅನ್ಯಲೋಕದವರು ಕಟ್ಟಿದ್ದು. ಟೆಲಿಫೋನ್ ಡೈರೆಕ್ಟರಿ ತೆರೆದರೆ ಒಳಗೆ ಖಾಲಿ ಹಾಳೆ. ಹೊರಗಿನಿಂದ ನೋಡಿ ಮಾಡಿದ ಕೋಣೆ ಹಾಗೆಯೇ ಇರುತ್ತದೆ, ನೋಡಿದಷ್ಟು ಮಾತ್ರ ಇರುತ್ತದೆ. ಕ್ಯೂಬ್ರಿಕ್ ಹೋಟೆಲನ್ನು ತೆಗೆದು ಅರಮನೆಯನ್ನು ಇಟ್ಟದ್ದು ಕಣ್ಣಿಗೆ ಹಬ್ಬವಾಗಿರಬಹುದು. ಆದರೆ ಆ ಖಾಲಿ ಡೈರೆಕ್ಟರಿ ಕೈಬಿಟ್ಟುಹೋದದ್ದು ನಷ್ಟವೆಂದೇ ನನ್ನ ಎಣಿಕೆ. ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಇದೇ ಥರ ಬೇಕು’ ಎಂದು ಹೇಳಿ ಮಾಡಿಸುವ ನಮ್ಮ ಕೋಣೆಗಳಿಗೆ ಕ್ಲಾರ್ಕ್‌ನ ಆ ಅನ್ಯಲೋಕದವರೇ ಮೊದಲ ಮೇಸ್ತ್ರಿಗಳು.

*

ಯುಯಿಸ್ಮಾನ್ಸ್‌ನ ಕೋಣೆಗೆ ಹಿಂದಿರುಗುತ್ತೇನೆ. ಅಲ್ಲಿ ನನ್ನನ್ನು ಕಾಡಿದ್ದು ರೇಷ್ಮೆಗಿಂತ ಹೆಚ್ಚಾಗಿ ಆ ಜಮಖಾನ. ಯಾರೂ ನಡೆಯದ ನೆಲದ ಮೇಲೆ ನಡೆದು ಸವೆದ ಗುರುತು. ಇಲ್ಲದ ಸನ್ಯಾಸಿಗಳ ಪಾದಗಳನ್ನು ಉಣ್ಣೆಯಲ್ಲಿ ನೇಯಿಸಿದ್ದಾನೆ.

ಹಾಗಾದರೆ ಆ ಮನೆಯಲ್ಲಿ ನಿಜವಾಗಿ ನಡೆಯುವ ಪಾದಗಳು ಯಾರವು? ಇದಕ್ಕೆ ಉತ್ತರ ಎರಡನೆಯ ಅಧ್ಯಾಯದಲ್ಲಿದೆ. ಅವನ ಜೊತೆ ಇಬ್ಬರು ವಯಸ್ಸಾದ ಆಳುಗಳು ಬಂದಿದ್ದಾರೆ, ಗಂಡ ಹೆಂಡತಿ. ಅವನ ತಾಯಿಯನ್ನು ನೋಡಿಕೊಂಡವರು. ಅವರನ್ನು ಮಹಡಿಯ ಮೇಲೆ ಇರಿಸಿದ್ದಾನೆ. ಅವರ ಹೆಜ್ಜೆಯ ಸದ್ದು ತನಗೆ ಕೇಳಬಾರದೆಂದು ದಪ್ಪ ಉಣ್ಣೆಯ ಚಪ್ಪಲಿ ಹಾಕಿಸಿದ್ದಾನೆ, ಬಾಗಿಲುಗಳಿಗೆ ಎಣ್ಣೆ ಬಿಡಿಸಿದ್ದಾನೆ, ನೆಲಕ್ಕೆ ಒತ್ತಾಗಿ ಜಮಖಾನ ಹಾಸಿಸಿದ್ದಾನೆ. ಆ ಮುದುಕಿ ಸೌದೆ ತರಲು ಆಗಾಗ ಅವನ ಕಿಟಕಿಯ ಮುಂದೆ ಹಾದುಹೋಗಬೇಕು. ಅವಳ ನೆರಳೂ ತನ್ನ ಕಣ್ಣಿಗೆ ಒಗರಾಗಬಾರದು ಎಂದು ಗೆಂಟ್ ಪಟ್ಟಣದ ಬೆಗೀನ್ ಎಂಬ ಧಾರ್ಮಿಕ ಹೆಂಗಸರು ತೊಡುವಂಥ ಉಡುಪು ಹೊಲಿಸಿ ಕೊಟ್ಟಿದ್ದಾನೆ, ಬಿಳಿ ಟೊಪ್ಪಿಗೆ, ಮೇಲೆ ಅಗಲವಾದ ಕಪ್ಪು ಮುಸುಕು. ಮುಸ್ಸಂಜೆಯಲ್ಲಿ ಅವಳು ಹಾದುಹೋದರೆ ಅವನಿಗೆ ಮಠದ ಅಂಗಳ ನೆನಪಾಗುತ್ತದೆ. ಅವಳು ಹೊತ್ತಿರುವುದು ಸೌದೆ.

ಈ ಎರಡು ಭಾಗಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಕಾದಂಬರಿ ನನಗೆ ಬೇರೆಯಾಗಿ ಕಂಡಿತು. ಇಲ್ಲದ ಪಾದಗಳಿಗೆ ಗುರುತುಂಟು, ಇರುವ ಪಾದಗಳಿಗೆ ಸದ್ದು ಕೂಡದು. ಮಠದ ಮೌನವನ್ನು ಅವನು ಸಾಧಿಸಿದ್ದಲ್ಲ, ಇಬ್ಬರು ಮುದುಕರಿಂದ ಮಾಡಿಸಿಕೊಂಡದ್ದು. ನಿಜವಾದ ಮಠದಲ್ಲಾದರೆ ಅವನೇ ಸೌದೆ ತರಬೇಕಿತ್ತು. ಮಠವಾಸದ ಲಾಭಗಳೆಲ್ಲ ತನಗುಂಟು, ಕಷ್ಟಗಳು ಮಾತ್ರ ಇಲ್ಲ ಎಂದು ಅವನು ಸಂತೋಷಪಡುತ್ತಾನೆ. ಕಷ್ಟಗಳ ಪಟ್ಟಿಯನ್ನೂ ಕೊಡುತ್ತಾನೆ: ಸಿಪಾಯಿಗಳಂಥ ಶಿಸ್ತು, ಆರೈಕೆಯ ಕೊರತೆ, ಕೊಳೆ, ಜನರ ಒತ್ತು, ಬೇಸರ. ಬೇಸರವೊಂದನ್ನು ಬಿಟ್ಟರೆ ಉಳಿದವು ಆಳಿಗೆ ದಾಟಿಸಬಲ್ಲವು. ಬೇಸರವನ್ನು ದಾಟಿಸಲಾಗದೆ ಅವನು ಕಾಯಿಲೆ ಬೀಳುತ್ತಾನೆ.

ಇದನ್ನು ಓದಿ ‘ಹಾಗಾದರೆ ಇದು ವರ್ಗಪ್ರಜ್ಞೆಯ ಕಾದಂಬರಿ’ ಎಂದು ಹಣೆಪಟ್ಟಿ ಹಚ್ಚಲು ಹೊರಟರೆ ಯುಯಿಸ್ಮಾನ್ಸ್ ಒಪ್ಪುತ್ತಿರಲಿಲ್ಲ. ಆಳುಗಳಿಗೆ ಅವನು ಒಂದು ಮಾತನ್ನೂ ದುಃಖವನ್ನೂ ಕೊಟ್ಟಿಲ್ಲ. ಅದು ಕಾದಂಬರಿಯ ಕೊರತೆಯೇ, ಮುಚ್ಚಿಡುವಂಥದ್ದಲ್ಲ. ಆದರೆ ಅವನು ವಿವರವನ್ನು ಬಿಡುವುದಿಲ್ಲ. ನೈಸರ್ಗಿಕತಾವಾದಿ ಜೋಲಾನ ಶಿಷ್ಯನಾಗಿ ಬರವಣಿಗೆ ಶುರುಮಾಡಿದವನು. ಗುರುವಿನ ದಾರಿ ಬಿಟ್ಟ ಮೇಲೂ ಲೆಕ್ಕದ ಪುಸ್ತಕ ಇಡುವ ಗುಣ ಕೈಬಿಡಲಿಲ್ಲ. ಚಪ್ಪಲಿ ಉಣ್ಣೆಯದ್ದು, ಬಾಗಿಲಿಗೆ ಎಣ್ಣೆ, ಮುಸುಕು ಕಪ್ಪು. ತೀರ್ಪು ಹೇಳದೆ ಸುಮ್ಮನೆ ಬರೆದಿಡುತ್ತಾನೆ. ನೂರನಲವತ್ತು ವರ್ಷದ ಮೇಲೆ ನಮ್ಮಂಥವರು ಬಂದು ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಅಷ್ಟು ಸಾಕು.

ಆಮೇಲೆ ಅವನು ನಿಜವಾಗಿಯೇ ಮಠದ ಬಾಗಿಲು ತಟ್ಟಿದ. ಇಂಥ ಪುಸ್ತಕ ಬರೆದವನಿಗೆ ಇನ್ನು ಉಳಿದಿರುವುದು ಪಿಸ್ತೂಲು, ಇಲ್ಲವೇ ಶಿಲುಬೆ ಎಂಬ ಅರ್ಥದಲ್ಲಿ ಹಿರಿಯ ವಿಮರ್ಶಕ ಬಾರ್ಬೆ ದೋರ್ವಿಯಿ ಪುಸ್ತಕ ಬಂದ ವರ್ಷವೇ ಬರೆದಿದ್ದ. ಯುಯಿಸ್ಮಾನ್ಸ್ 1892ರಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳ ಮಠವೊಂದಕ್ಕೆ ಹೋಗಿ ಕೆಲವು ದಿನ ಇದ್ದು ಬಂದ. ಆ ಅನುಭವದಿಂದ 1895ರಲ್ಲಿ ‘ಆನ್ ರೂತ್’ ಎಂಬ ಕಾದಂಬರಿ ಬಂತು. ಅದರ ನಾಯಕ ದುರ್ತಾಲ್ ಮಠಕ್ಕೆ ಹೊರಡುವ ಮುನ್ನ ಪಡುವ ಚಿಂತೆ ನೋಡಿ ನಾನು ನಕ್ಕಿದ್ದೇನೆ. ದೇವರಷ್ಟೇ ದೊಡ್ಡ ಸಮಸ್ಯೆ ಅವನಿಗೆ ತಂಬಾಕು. ಅಲ್ಲಿ ಸಿಗರೇಟು ಸೇದಲು ಬಿಡುತ್ತಾರೋ ಇಲ್ಲವೋ! ಹಳದಿ ರೇಷ್ಮೆಯ ಕೋಣೆಯಲ್ಲಿ ಇಂಥ ಪ್ರಶ್ನೆ ಏಳುವುದೇ ಇಲ್ಲ, ಅಲ್ಲಿ ಎಲ್ಲ ಮೊದಲೇ ತೀರ್ಮಾನವಾಗಿದೆ. ‘ಆನ್ ರೂತ್’ನ ಕೋಣೆಗಳ ವರ್ಣನೆ ಹಳೆಯ ಪುಸ್ತಕದಷ್ಟು ಸೊಗಸಾಗಿಲ್ಲ. ಬರಹಗಾರ ನಂಬಿಕೆಗೆ ಬಂದ, ಗದ್ಯ ಮಂಕಾಯಿತು ಎಂದು ಕೆಲವರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಇನ್ನರ್ಧ ಹೀಗೆ: ನಿಜವಾದ ಚಳಿಯ ಕೋಣೆಯಲ್ಲಿ ಕೂತವನಿಗೆ ಗೋಡೆಯ ಬಣ್ಣವನ್ನು ಅಷ್ಟು ಹೊತ್ತು ನೋಡಲು ಪುರುಸೊತ್ತಿರುವುದಿಲ್ಲ.

ಇಪ್ಪತ್ತು ವರ್ಷದ ಮೇಲೆ, 1903ರಲ್ಲಿ, ‘ಆ ರೆಬೂರ್’ಗೆ ಬರೆದ ಮುನ್ನುಡಿಯಲ್ಲಿ ತಾನು ಮುಂದೆ ಬರೆದದ್ದೆಲ್ಲ ಈ ಪುಸ್ತಕದಲ್ಲಿ ಬೀಜವಾಗಿತ್ತು ಎಂದು ಅವನೇ ಹೇಳಿಕೊಂಡ. ಲೇಖಕರು ತಮ್ಮ ಹಳೆಯ ಪುಸ್ತಕಗಳಿಗೆ ಬರೆಯುವ ಮುನ್ನುಡಿಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಅವೂ ಒಂದು ಬಗೆಯ ಕೋಣೆ ಸಿಂಗಾರವೇ, ಹಳೆಯ ಮರಕ್ಕೆ ಹೊಸ ಅರ್ಥ ಕೊಡುವುದು. ಆದರೂ ಆ ಮಾತಿಗೆ ಒಂದು ಪುರಾವೆ ಕೊನೆಯ ಅಧ್ಯಾಯದಲ್ಲಿ ಸಿಗುತ್ತದೆ. ಇದನ್ನು ನಾನು ಮೂರನೆಯ ಓದಿನವರೆಗೂ ಗಮನಿಸಿರಲಿಲ್ಲ.

ವೈದ್ಯರ ಅಪ್ಪಣೆಯಾಗಿದೆ. ಫೋಂತೆನೆಯ ಮನೆ ಬಿಡಬೇಕು, ಪ್ಯಾರಿಸಿಗೆ ಹೋಗಿ ಎಲ್ಲರಂತೆ ಇರಬೇಕು. ಸಾಮಾನು ಕಟ್ಟುವ ಕೆಲಸ ನಡೆದಿದೆ. ದೆಜೆಸ್ಸೆಂತ್ ಎಲ್ಲಿದ್ದಾನೆ? ತನ್ನ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಾನೆ. ಅಲ್ಲಿಯೇ, ಇಡೀ ಪುಸ್ತಕದಲ್ಲಿ ಮೊದಲ ಸಲ ವೇಷವಿಲ್ಲದೆ, ನಂಬಲಾಗದಿದ್ದರೂ ನಂಬಲು ಬಯಸುವವನೊಬ್ಬನ ಪ್ರಾರ್ಥನೆ ಅವನ ಬಾಯಿಂದ ಬರುತ್ತದೆ. ಆಗ ಅವನು ಮಂಡಿಯೂರುವ ಪೀಠದ ಬಳಿ ಹೋದನೆಂದು ಕಾದಂಬರಿ ಹೇಳುವುದಿಲ್ಲ. ಒಂದು ಕುರ್ಚಿಯಲ್ಲಿ ಕುಸಿದಿರುತ್ತಾನೆ. ಆದರೆ ಅಧ್ಯಾಯ ತೆರೆದುಕೊಳ್ಳುವಾಗ ಅವನ ಎರಡೂ ಕ��ಗಳು ಕಿವಿಗಳ ಮೇಲಿವೆ. ಹೊರಗೆ ಉಣ್ಣೆಯ ಚಪ್ಪಲಿಯ ಆ ಆಳುಗಳು ಅಣಿಮಾಡಿಟ್ಟ ಪೆಟ್ಟಿಗೆಗಳಿಗೆ ಸುತ್ತಿಗೆಯಿಂದ ಮೊಳೆ ಹೊಡೆಯುವ ಸದ್ದು.